ಸಣ್ಣ ಕುಲುಮೆಗೂ ಖಾತೆಯೊಂದು ಬೇಕು

ನಮ್ಮ ಸದಸ್ಯ ಬಂಧುಗಳಲ್ಲಿ ಪಂಪ್‌ಸೆಟ್ ಬಿಡಿಭಾಗ, ಬಾಗಿಲು–ಕಿಟಕಿಗಳ ಹಿಡಿಕೆ, ಯಂತ್ರಗಳ ಬ್ರಾಕೆಟ್, ಪೂಜಾ ಸಾಮಗ್ರಿ ಮೊದಲಾದವುಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳು ಅನೇಕರಿದ್ದಾರೆ. ಇವರಲ್ಲಿ ಕೆಲವರು ಕಾರ್ಯಾಗಾರದ ಹಿಂಬದಿಯಲ್ಲಿಯೋ ಮನೆಯ ಹಿತ್ತಲಿನಲ್ಲಿಯೋ ಲೋಹ ಕರಗಿಸುವ ಪುಟ್ಟ ಕುಲುಮೆಯೊಂದನ್ನು ತಾವೇ ಕಟ್ಟಿಕೊಂಡಿದ್ದಾರೆ. ಇನ್ನು ಕೆಲವರು ಕಟ್ಟಬೇಕೆಂಬ ಆಲೋಚನೆಯಲ್ಲಿದ್ದಾರೆ. ಲೇತ್ ಯಂತ್ರದಿಂದ ಬಿದ್ದ ಅಲ್ಯೂಮಿನಿಯಂ ಚೂರು, ಹಳೆಯ ಹಿತ್ತಾಳೆ ನಲ್ಲಿ, ಒಡೆದ ಪಿಸ್ಟನ್ ಇವೆಲ್ಲವೂ ಮೂಲೆಯಲ್ಲಿ ರಾಶಿ ಬಿದ್ದಿರುವಾಗ, ಅವನ್ನು ಗುಜರಿಯವನಿಗೆ ಕೊಟ್ಟು ಮತ್ತೆ ಎರಕದ ಕಾರ್ಖಾನೆಯಿಂದ ಹೆಚ್ಚು ಬೆಲೆಗೆ ಸಾಮಾನು ತರುವುದೇಕೆ ಎಂಬ ಪ್ರಶ್ನೆ ಯಾರಿಗಾದರೂ ಬರುವುದು ಸಹಜ.

ಪ್ರಶ್ನೆ ಸರಿಯಾದುದೇ. ಆದರೆ ಅದಕ್ಕೆ ಹೆಚ್ಚಿನವರು ಕೊಟ್ಟುಕೊಳ್ಳುವ ಉತ್ತರ ಲೆಕ್ಕದ ದೃಷ್ಟಿಯಿಂದ ಸರಿಯಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ಸಣ್ಣ ಕುಲುಮೆಯನ್ನು ಕಟ್ಟುವುದು ಅಗ್ಗ, ನಡೆಸುವುದು ದುಬಾರಿ. ಕಟ್ಟುವ ಖರ್ಚು ಕಣ್ಣಿಗೆ ಕಾಣುತ್ತದೆ. ನಡೆಸುವ ಖರ್ಚಿನ ಬಹುಪಾಲು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಆದ ಕಾರಣ ಕುಲುಮೆಯನ್ನು ಹಣ ಉಳಿಸುವ ಸಾಧನವೆಂದು ಭಾವಿಸಿದವರು ನಷ್ಟವನ್ನು ಲಾಭವೆಂದು ತಿಳಿದು ವರ್ಷಗಟ್ಟಲೆ ನಡೆಸುವ ಸಂಭವವಿದೆ. ಅದನ್ನೇ ಪ್ರಯೋಗದ, ಕಲಿಕೆಯ ಮತ್ತು ತುರ್ತು ದುರಸ್ತಿಯ ಸಾಧನವೆಂದು ಇಟ್ಟುಕೊಂಡವರಿಗೆ ಅದು ನಿಜವಾಗಿಯೂ ಲಾಭ ತರಬಲ್ಲದು. ಈ ವ್ಯತ್ಯಾಸವನ್ನು ಅಂಕಿಗಳ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

ಕುಲುಮೆಯ ರಚನೆ

ತಾಂತ್ರಿಕ ವಿವರಗಳನ್ನು ನಮ್ಮ ಓದುಗರಲ್ಲಿ ಅನೇಕರು ನನಗಿಂತ ಚೆನ್ನಾಗಿ ಬಲ್ಲರು. ಆದರೂ ಖರ್ಚಿನ ಮೂಲ ಎಲ್ಲಿದೆ ಎಂದು ತಿಳಿಯಲು ರಚನೆಯನ್ನು ಸ್ಥೂಲವಾಗಿ ನೋಡುವುದು ಅಗತ್ಯ.

ಹೊರಗೆ ಒಂದು ಉಕ್ಕಿನ ಡ್ರಮ್ಮು. ಅದರ ಒಳಗೆ ಶಾಖವನ್ನು ತಡೆಯುವ ಪದರ. ಇದು ಇನ್ಸುಲೇಷನ್ ಫೈರ್ ಬ್ರಿಕ್ ಆಗಿರಬಹುದು, ಸೆರಾಮಿಕ್ ಫೈಬರ್ ಹೊದಿಕೆಯಾಗಿರಬಹುದು, ಅಥವಾ ಶಾಖ ಸಹಿಸುವ ಕಾಸ್ಟಬಲ್ ಗಾರೆಯಾಗಿರಬಹುದು. ಮಧ್ಯದಲ್ಲಿ ಒಂದು ಪೀಠ, ಅದರ ಮೇಲೆ ಲೋಹ ತುಂಬಿದ ಮೂಸೆ. ಪಕ್ಕದಿಂದ ಬರ್ನರ್‌ನ ಜ್ವಾಲೆ ಓರೆಯಾಗಿ ಒಳಹೊಕ್ಕು ಮೂಸೆಯ ಸುತ್ತ ಸುತ್ತುವಂತೆ ಕೊಳವೆಯ ಜೋಡಣೆ. ಮೇಲೆ ರಂಧ್ರವಿರುವ ಮುಚ್ಚಳ. ಮೂಸೆ ಒಡೆದರೆ ಕರಗಿದ ಲೋಹ ಹರಿದು ಹೋಗಲು ತಳದಲ್ಲಿ ಒಂದು ದಾರಿ. ಇಷ್ಟೇ ಕುಲುಮೆ.

ಇಲ್ಲಿ ಸಾಮಾನ್ಯವಾಗಿ ಮಾಡುವ ಉಳಿತಾಯಗಳೇ ಮುಂದೆ ಖರ್ಚಾಗಿ ಪರಿಣಮಿಸುತ್ತವೆ. ಕಾಸ್ಟಬಲ್ ಬದಲು ಮಾಮೂಲಿ ಸಿಮೆಂಟ್ ಕಾಂಕ್ರೀಟ್ ಹಾಕಿದರೆ, ಅದರೊಳಗಿನ ನೀರಿನಂಶ ಆವಿಯಾಗಿ ತುಂಡುಗಳು ಸಿಡಿದು ಬೀಳುತ್ತವೆ. ಹೊಸ ಪದರವನ್ನು ನಿಧಾನವಾಗಿ ಒಣಗಿಸಿ, ಸಣ್ಣ ಉರಿಯಲ್ಲಿ ಕಾಯಿಸದೆ ಮೊದಲ ದಿನವೇ ಪೂರ್ಣ ಜ್ವಾಲೆ ಕೊಟ್ಟರೂ ಇದೇ ಗತಿ. ಗ್ರಾಫೈಟ್ ಮೂಸೆಯ ಬದಲು ಕಬ್ಬಿಣದ ಡಬ್ಬಿಯಲ್ಲಿ ಅಲ್ಯೂಮಿನಿಯಂ ಕರಗಿಸಿದರೆ ಕಬ್ಬಿಣವು ಕರಗಿದ ಲೋಹದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆತು ಸಾಮಾನು ಪೆಡಸಾಗುತ್ತದೆ, ಡಬ್ಬಿಯೂ ತೂತಾಗುತ್ತದೆ. ಅಗ್ಗವೆಂದು ಮುಗ್ಗಿದ ಜೋಳ ಕೊಂಡಂತೆ ಆಗುವುದು ಹೀಗೆ.

ಯಾವ ಲೋಹಕ್ಕೆ ಯಾವ ಕುಲುಮೆ ಎಂಬುದನ್ನೂ ಮೊದಲೇ ನಿರ್ಧರಿಸಬೇಕು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ, ಹಿತ್ತಾಳೆ ಅದರ ಬೆರಕೆಗೆ ಅನುಗುಣವಾಗಿ 900 ಡಿಗ್ರಿಯ ಆಸುಪಾಸಿನಲ್ಲಿ, ತಾಮ್ರ 1,085 ಡಿಗ್ರಿಯಲ್ಲಿ ಕರಗುತ್ತವೆ. ಎರಕಕ್ಕೆ ಇನ್ನೂ ಹೆಚ್ಚಿನ ಶಾಖ ಬೇಕು. ಬೀಡು ಕಬ್ಬಿಣಕ್ಕೆ 1,200 ಡಿಗ್ರಿಗೂ ಮೀರಿದ ಶಾಖ ಅಗತ್ಯವಾದುದರಿಂದ ಹಿತ್ತಲಿನ ಕುಲುಮೆಗೆ ಅದು ತಕ್ಕುದಲ್ಲ. ಅದನ್ನು ಬೆಳಗಾವಿಯ ಉದ್ಯಮಬಾಗದಂತಹ ಕಡೆ ಈ ಕೆಲಸದಲ್ಲಿ ನುರಿತ ಫೌಂಡ್ರಿಗಳಿಗೆ ಬಿಡುವುದೇ ವಿವೇಕ. ನಮ್ಮ ಸಣ್ಣ ಉದ್ಯಮಿಯ ಮಟ್ಟಿಗೆ ವಿಚಾರ ಅಲ್ಯೂಮಿನಿಯಂ ಮತ್ತು ಹಿತ್ತಾಳೆಗೆ ಸೀಮಿತ.

ಪುಸ್ತಕದಲ್ಲಿ ಕಾಣದ ನಾಲ್ಕು ಖರ್ಚುಗಳು

ಮೊದಲನೆಯದು ಕರಗುವಾಗಿನ ನಷ್ಟ. ಒಂದು ಕಿಲೋ ಗುಜರಿ ಹಾಕಿದರೆ ಒಂದು ಕಿಲೋ ದ್ರವ ಬರುವುದಿಲ್ಲ. ಅಲ್ಯೂಮಿನಿಯಂ ಗಾಳಿಯ ಸಂಪರ್ಕದಲ್ಲಿ ಕಿಟ್ಟವಾಗುತ್ತದೆ. ದಪ್ಪನೆಯ, ಶುಚಿಯಾದ ಎರಕದ ತುಂಡುಗಳಲ್ಲಿ ಈ ನಷ್ಟ ಅಲ್ಪ. ಎಣ್ಣೆ ಅಂಟಿದ ಲೇತ್ ಚೂರುಗಳಲ್ಲಿ ಮತ್ತು ತೆಳುವಾದ ತಂಪುಪಾನೀಯದ ಡಬ್ಬಿಗಳಲ್ಲಿ ಇದು ಹಲವು ಪಟ್ಟು ಹೆಚ್ಚು. ಹಿತ್ತಾಳೆಯ ಸಮಸ್ಯೆ ಬೇರೆ. ಅದರಲ್ಲಿರುವ ಸತು 907 ಡಿಗ್ರಿಯಲ್ಲಿಯೇ ಕುದಿಯುವುದರಿಂದ, ಕುಲುಮೆಯನ್ನು ಅನಗತ್ಯವಾಗಿ ಕಾಯಿಸಿದಷ್ಟೂ ಸತು ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ತೂಕವೂ ಕಡಿಮೆ, ಬೆರಕೆಯ ಪ್ರಮಾಣವೂ ವ್ಯತ್ಯಾಸ.

ಎರಡನೆಯದು ಇಂಧನ. ಒಂದು ಕಿಲೋ ಅಲ್ಯೂಮಿನಿಯಮನ್ನು ಕರಗಿಸಿ ಎರಕಕ್ಕೆ ಸಿದ್ಧಗೊಳಿಸಲು ಶಾಸ್ತ್ರೀಯವಾಗಿ ಬೇಕಾದ ಶಕ್ತಿ ಸುಮಾರು 0.3 ಯೂನಿಟ್ ಮಾತ್ರ. ಒಂದು ಕಿಲೋ ಎಲ್‌ಪಿಜಿಯಲ್ಲಿ 12 ಯೂನಿಟ್‌ಗೂ ಹೆಚ್ಚು ಶಕ್ತಿ ಇರುತ್ತದೆ. ಈ ಲೆಕ್ಕದಂತೆ ಒಂದು ಕಿಲೋ ಅನಿಲದಿಂದ ಸುಮಾರು 40 ಕಿಲೋ ಲೋಹ ಕರಗಬೇಕು. ಹಿತ್ತಲಿನ ಕುಲುಮೆಯಲ್ಲಿ ನಾಲ್ಕೈದು ಕಿಲೋ ಕರಗಿದರೆ ಅದೇ ಹೆಚ್ಚು. ಉಳಿದ ಶಾಖವೆಲ್ಲ ಒಳಪದರವನ್ನು ಕಾಯಿಸಲು ಮತ್ತು ಮುಚ್ಚಳದ ರಂಧ್ರದಿಂದ ಆಕಾಶಕ್ಕೆ ಹೋಗುತ್ತದೆ. ಇದರಿಂದ ತಿಳಿಯುವ ಪಾಠವೆಂದರೆ, ಒಮ್ಮೆ ಕಾದ ಕುಲುಮೆಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಮೂರು ಸಲ ಕರಗಿಸಬೇಕು. ದಿನಕ್ಕೊಂದು ಮೂಸೆ ಕರಗಿಸುವವನು ಪ್ರತಿದಿನವೂ ಇಟ್ಟಿಗೆ ಕಾಯಿಸಲು ಅನಿಲ ಕೊಳ್ಳುತ್ತಾನೆ.

ಮೂರನೆಯದು ಮೂಸೆ. ಇದು ಸ್ಥಿರಾಸ್ತಿಯಲ್ಲ, ಸವೆಯುವ ಸಾಮಗ್ರಿ. ಎಷ್ಟು ಸಲ ಬಾಳುತ್ತದೆ ಎಂಬುದು ಬಳಸುವವನ ಕೈಯಲ್ಲಿದೆ. ತಣ್ಣಗಿರುವ ಮೂಸೆಗೆ ಲೋಹದ ತುಂಡುಗಳನ್ನು ಬಿಗಿಯಾಗಿ ತುರುಕಿದರೆ, ಕಾದಾಗ ಲೋಹ ಹಿಗ್ಗಿ ಮೂಸೆಯನ್ನೇ ಸೀಳುತ್ತದೆ. ತೇವದ ಜಾಗದಲ್ಲಿ ಇಟ್ಟ ಮೂಸೆಯನ್ನು ನೇರವಾಗಿ ಜ್ವಾಲೆಗೆ ಒಡ್ಡಿದರೂ ಬಿರುಕು ಬಿಡುತ್ತದೆ. ಕೊಳ್ಳುವಾಗ ಇನ್ನೊಂದು ಅಂಶವನ್ನು ಗಮನಿಸಬೇಕು. ಅಲ್ಯೂಮಿನಿಯಂ ಹಿತ್ತಾಳೆಗಿಂತ ಮೂರು ಪಟ್ಟು ಹಗುರವಾದುದರಿಂದ, 30 ಕಿಲೋ ಹಿತ್ತಾಳೆ ಹಿಡಿಯುವ ಮೂಸೆ ಅಲ್ಯೂಮಿನಿಯಮನ್ನು 10 ಕಿಲೋದಷ್ಟೇ ಹಿಡಿಯುತ್ತದೆ.

ನಾಲ್ಕನೆಯದು ತಿರಸ್ಕೃತ ಮಾಲು. ದ್ರವವೆಲ್ಲ ಸಾಮಾನಾಗುವುದಿಲ್ಲ. ರನ್ನರ್, ರೈಸರ್‌ಗಳಲ್ಲಿ ಗಟ್ಟಿಯಾಗುವ ಲೋಹವನ್ನು ಮತ್ತೆ ಕರಗಿಸಬೇಕು. ಅಚ್ಚಿನ ಮರಳು ಕುಸಿದರೆ, ಕರಗಿದ ಅಲ್ಯೂಮಿನಿಯಂ ತೇವಾಂಶದಿಂದ ಹೈಡ್ರೋಜನ್ ಹೀರಿಕೊಂಡು ಒಳಗೆ ಸಣ್ಣ ರಂಧ್ರಗಳಾದರೆ, ಸಾಮಾನು ಲೇತ್ ಮೇಲೆ ಏರಿದ ನಂತರವೇ ದೋಷ ಬಯಲಾಗುತ್ತದೆ. ಆಗ ಕರಗಿಸಿದ ಖರ್ಚಿನ ಜೊತೆಗೆ ಕಡೆದ ಕೂಲಿಯೂ ಹೋಯಿತು. ಕಿಟಕಿ ಚೌಕಟ್ಟಿನ ಅಲ್ಯೂಮಿನಿಯಂ ಬೇರೆ, ಪಿಸ್ಟನ್ನಿನ ಅಲ್ಯೂಮಿನಿಯಂ ಬೇರೆ. ಎಲ್ಲವನ್ನೂ ಒಂದೇ ಮೂಸೆಗೆ ಹಾಕಿದವನಿಗೆ ತನ್ನ ಸಾಮಾನಿನ ಬಲವೆಷ್ಟು ಎಂದು ಗ್ರಾಹಕನಿಗೆ ಹೇಳಲು ಸಾಧ್ಯವಾಗದು.

ಒಂದು ಮಾದರಿ ಲೆಕ್ಕ

ಈಗ ಇವನ್ನೆಲ್ಲ ಒಂದು ಹಾಳೆಯ ಮೇಲೆ ತರೋಣ. ಕೆಳಗಿನ ದರಗಳು ಉದಾಹರಣೆಗಾಗಿ ಹಿಡಿದವು. ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡಬೇಕು.

ಒಂದು ಸಲಕ್ಕೆ 10 ಕಿಲೋ ಅಲ್ಯೂಮಿನಿಯಂ ಗುಜರಿ, ಕಿಲೋಗೆ 180 ರೂ.ಗಳಂತೆ 1,800 ರೂ. ಎಂದಿಟ್ಟುಕೊಳ್ಳೋಣ. ಕರಗುವಾಗ ಶೇ. 8ರಷ್ಟು ನಷ್ಟವಾದರೆ ದೊರೆಯುವ ದ್ರವ 9.2 ಕಿಲೋ. ಇದರಲ್ಲಿ 3.2 ಕಿಲೋ ರನ್ನರ್, ರೈಸರ್‌ಗೆ ಹೋದರೆ ಉಳಿದ ಸಾಮಾನು 6 ಕಿಲೋ. ಅದರಲ್ಲಿ ಒಂದು ಕಿಲೋ ತಿರಸ್ಕೃತವಾದರೆ ಮಾರಾಟಕ್ಕೆ ಯೋಗ್ಯವಾದುದು 5 ಕಿಲೋ. ಮರಳಿ ಬಂದ 4.2 ಕಿಲೋ ಲೋಹಕ್ಕೆ, ಮತ್ತೆ ಕರಗಿಸುವಾಗಿನ ನಷ್ಟವನ್ನು ಕಳೆದು, ಕಿಲೋಗೆ 160 ರೂ.ಗಳಂತೆ 672 ರೂ. ಜಮೆ ಕೊಡೋಣ. ನಿವ್ವಳ ಲೋಹದ ವೆಚ್ಚ 1,128 ರೂ.

ಇದಕ್ಕೆ 2 ಕಿಲೋ ಎಲ್‌ಪಿಜಿಯ ಬಾಬ್ತು 180 ರೂ. ಮೂಸೆಯ ಬೆಲೆ 3,000 ರೂ. ಇದ್ದು 30 ಸಲ ಬಾಳಿದರೆ ಸಲಕ್ಕೆ 100 ರೂ. ಮರಳು, ಫ್ಲಕ್ಸ್, ಒಳಪದರದ ರಿಪೇರಿ 70 ರೂ. ಒಬ್ಬ ಕುಶಲಿ ಮತ್ತು ಒಬ್ಬ ಸಹಾಯಕನ ಅರ್ಧ ದಿನದ ಕೂಲಿ 700 ರೂ. ಈ ನಾಲ್ಕು ಬಾಬ್ತುಗಳ ಮೊತ್ತ 1,050 ರೂ. ಲೋಹವನ್ನೂ ಕೂಡಿಸಿದರೆ 2,178 ರೂ. ಇದನ್ನು 5 ಕಿಲೋಗೆ ಹಂಚಿದಾಗ ಕಿಲೋ ಒಂದಕ್ಕೆ ಬೀಳುವ ವೆಚ್ಚ ಸುಮಾರು 436 ರೂ.

ಹೊರಗಿನ ಫೌಂಡ್ರಿ ಅದೇ ಸಾಮಾನನ್ನು ಕಿಲೋಗೆ 340 ರೂ.ಗೆ ಕೊಡುತ್ತದೆ ಎಂದಾದರೆ, ನಮ್ಮ ಉದ್ಯಮಿ ಪ್ರತಿ ಕಿಲೋಗೆ 96 ರೂ. ಕಳೆದುಕೊಳ್ಳುತ್ತಿದ್ದಾನೆ. ಆದರೆ ಅವನ ಮನಸ್ಸಿನ ಲೆಕ್ಕದಲ್ಲಿ ಗುಜರಿಯ 180 ರೂ. ಮಾತ್ರ ಇರುವುದರಿಂದ 160 ರೂ. ಉಳಿಸಿದೆನೆಂದು ತಿಳಿದಿರುತ್ತಾನೆ. ಕೂಲಿಯಾಳನ್ನು ಇಡದೆ ತಾನೂ ತನ್ನ ಮಗನೂ ಸೇರಿ ಮಾಡಿದೆವು, ಆದುದರಿಂದ ಕೂಲಿ ಲೆಕ್ಕಕ್ಕಿಲ್ಲ ಎಂದು ಹೇಳುವವರಿದ್ದಾರೆ. ಆ ಅರ್ಧ ದಿನದಲ್ಲಿ ಇಬ್ಬರೂ ಲೇತ್ ಮೇಲೆ ಕೆಲಸ ಮಾಡಿದ್ದರೆ, ಅಥವಾ ಬಾಕಿ ವಸೂಲಿಗೆ ಹೋಗಿದ್ದರೆ, ಎಷ್ಟು ಬರುತ್ತಿತ್ತು ಎಂಬುದೇ ಅದರ ಬೆಲೆ. ತನ್ನ ದುಡಿಮೆಗೆ ತಾನೇ ಬೆಲೆ ಕಟ್ಟದವನಿಗೆ ಗ್ರಾಹಕನು ಕಟ್ಟುವನೆಂಬ ಭರವಸೆ ಇಲ್ಲ.

ಈ ಲೆಕ್ಕದಿಂದ ಕುಲುಮೆ ಬೇಡವೆಂದು ತೀರ್ಮಾನಿಸಬೇಕಿಲ್ಲ. ಎಲ್ಲಿ ಸುಧಾರಿಸಬೇಕು ಎಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ. ತಿರಸ್ಕೃತ ಮಾಲನ್ನು ಪೂರ್ತಿ ತಪ್ಪಿಸಿದರೆ ಕಿಲೋ ವೆಚ್ಚ ಸುಮಾರು 390 ರೂ.ಗೆ ಇಳಿಯುತ್ತದೆ. ಅದರ ಜೊತೆಗೆ ಅದೇ ಅರ್ಧ ದಿನದಲ್ಲಿ ಎರಡು ಸಲ ಕರಗಿಸಿದರೆ ಕೂಲಿ ಅರ್ಧಕ್ಕೆ ಹಂಚಿಹೋಗಿ ವೆಚ್ಚ ಸುಮಾರು 331 ರೂ. ಆಗುತ್ತದೆ. ಅಂದರೆ ಎಲ್ಲವೂ ಸರಿಯಾಗಿ ನಡೆದಾಗ ಮಾತ್ರ ಸಣ್ಣ ಕುಲುಮೆ ಫೌಂಡ್ರಿಯ ದರವನ್ನು ಹತ್ತಿರದಿಂದ ಸರಿಗಟ್ಟುತ್ತದೆ. ಅನಿಲದ ಬೆಲೆಯ ಬಗ್ಗೆ ಚಿಂತಿಸುವ ಉದ್ಯಮಿ ಗಮನ ಹರಿಸಬೇಕಾದುದು ತಿರಸ್ಕೃತ ಮಾಲು ಮತ್ತು ಸಮಯದ ಕಡೆಗೆ.

ಹಾಗಾದರೆ ಕುಲುಮೆ ಯಾರಿಗೆ?

ಕುಲುಮೆಯ ನಿಜವಾದ ಉಪಯೋಗ ಬೇರೆಡೆ ಇದೆ. ಗ್ರಾಹಕನೊಬ್ಬ ಹೊಸ ಬಗೆಯ ಬ್ರಾಕೆಟ್ ಬೇಕೆಂದು ಕೇಳುತ್ತಾನೆ. ಒಂದೆರಡು ಮಾದರಿ ತುಂಡುಗಳಿಗಾಗಿ ದೊಡ್ಡ ಫೌಂಡ್ರಿ ತನ್ನ ಸಾಲನ್ನು ನಿಲ್ಲಿಸುವುದಿಲ್ಲ. ಕನಿಷ್ಠ ಪ್ರಮಾಣದ ಆರ್ಡರ್ ಕೇಳುತ್ತದೆ, ಸರದಿಗೆ ಕಾಯಿಸುತ್ತದೆ. ಹಿತ್ತಲಲ್ಲಿ ಕುಲುಮೆ ಇರುವವನು ಎರಡೇ ದಿನದಲ್ಲಿ ಮಾದರಿಯನ್ನು ಗ್ರಾಹಕನ ಮೇಜಿನ ಮೇಲೆ ಇಡಬಲ್ಲ. ತಿದ್ದುಪಡಿ ಬಂದರೆ ಮತ್ತೊಮ್ಮೆ ಮಾಡಬಲ್ಲ. ಇಲ್ಲಿ ಕಿಲೋಗೆ 436 ರೂ. ಬಿದ್ದರೂ ಅದು ದುಬಾರಿಯಲ್ಲ. ಆರ್ಡರ್ ಹಿಡಿಯಲು ಮಾಡಿದ ವೆಚ್ಚ. ಮಾದರಿ ಒಪ್ಪಿಗೆಯಾದ ಮೇಲೆ ಸಾವಿರ ತುಂಡುಗಳ ಕೆಲಸವನ್ನು ಫೌಂಡ್ರಿಗೆ ಕೊಡಲಿ. ಹಾಗೆಯೇ ಎಲ್ಲಿಯೂ ಸಿಗದ ಹಳೆಯ ಯಂತ್ರದ ಭಾಗವೊಂದನ್ನು ಎರಕ ಹೊಯ್ದು ಯಂತ್ರವನ್ನು ಮರುದಿನವೇ ಚಾಲೂ ಮಾಡಿದರೆ, ಉಳಿದುದು ಲೋಹದ ಬೆಲೆಯಲ್ಲ, ನಿಂತ ದಿನಗಳ ಉತ್ಪಾದನೆ.

ಎರಡನೆಯ ಗುಂಪು ಕಲಾತ್ಮಕ ಎರಕದವರದು. ಮಂಡ್ಯ ಜಿಲ್ಲೆಯ ನಾಗಮಂಗಲದಲ್ಲಿ ಮೇಣದ ಅಚ್ಚಿನಿಂದ ಲೋಹದ ವಿಗ್ರಹಗಳನ್ನು ಮಾಡುವವರಿಗೆ ಕುಲುಮೆ ಪಕ್ಕದ ಉಪಕರಣವಲ್ಲ, ಬದುಕೇ ಅದು. ಅಲ್ಲಿ ಬೆಲೆ ನಿರ್ಧಾರವಾಗುವುದು ತೂಕಕ್ಕಿಂತ ಹೆಚ್ಚಾಗಿ ಕೈಚಳಕದಿಂದ. ಆದರೂ ಲೆಕ್ಕ ಅವರಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಈ ಎರಕದ ವಿಧಾನದ ವಿವರಣೆ ಇದೆ. ಮೊದಲು ಮೇಣದ ಬೊಂಬೆಯನ್ನು ತೂಗಿ, ಅದರ ಇಂತಿಷ್ಟು ಪಟ್ಟು ಎಂದು ಬೇಕಾದ ಲೋಹದ ತೂಕವನ್ನು ನಿಗದಿಪಡಿಸುವ ಕ್ರಮವನ್ನು ಅದು ಹೇಳುತ್ತದೆ. ಮೇಣ ನೀರಿಗಿಂತ ತುಸು ಹಗುರ, ಹಿತ್ತಾಳೆ ನೀರಿನ ಎಂಟೂವರೆ ಪಟ್ಟು ಭಾರ ಎಂಬುದನ್ನು ನೆನೆದರೆ ಈ ಕ್ರಮದ ಹಿಂದಿನ ತರ್ಕ ತಿಳಿಯುತ್ತದೆ. ನಾವು ಇಂದು ಪ್ರಮಾಣಿತ ವೆಚ್ಚ ಎಂದು ಕರೆಯುವುದರ ಬೀಜ ಇದೇ: ಕೆಲಸ ಮುಗಿದ ಮೇಲೆ ಎಷ್ಟು ಹೋಯಿತು ಎಂದು ನೋಡುವ ಬದಲು, ಎಷ್ಟು ಹೋಗಬೇಕು ಎಂದು ಮೊದಲೇ ಗೊತ್ತುಮಾಡುವುದು. ಒಂಬೈನೂರು ವರ್ಷಗಳ ಹಿಂದೆ ತಕ್ಕಡಿಯೊಂದಿಗೆ ಕುಲುಮೆಯ ಮುಂದೆ ಕುಳಿತವರ ನಾಡಿನಲ್ಲಿ, ಇಂದಿನ ಉದ್ಯಮಿಯೂ ತೂಗದೆ ಮೂಸೆ ತುಂಬುವುದು ಶೋಭಿಸದು.

ಗುಜರಿಯೂ ತೆರಿಗೆಯೂ

ಗುಜರಿಗೆ ಬಿಲ್ಲಿಲ್ಲ, ಆದುದರಿಂದ ತೆರಿಗೆಯೂ ಇಲ್ಲ ಎಂಬ ಹಳೆಯ ನಂಬಿಕೆ ಈಗ ಅಪಾಯಕಾರಿ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದ ವ್ಯಾಪಾರಿಯಿಂದ ಲೋಹದ ಗುಜರಿ ಕೊಳ್ಳುವ ನೋಂದಾಯಿತ ಉದ್ಯಮಿಯೇ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಜಿಎಸ್‌ಟಿ ಪಾವತಿಸಬೇಕು. ಮಾಲು ಕೈಸೇರಿದ 30 ದಿನಗಳೊಳಗೆ ತನ್ನ ಹೆಸರಿಗೆ ತಾನೇ ಇನ್‌ವಾಯ್ಸ್ ಬರೆದುಕೊಳ್ಳಬೇಕೆಂಬ ನಿಯಮವೂ 2024ರ ನವೆಂಬರ್ 1ರಿಂದ ಬಂದಿದೆ. ಇನ್ನು ನೋಂದಾಯಿತರಿಂದ ನೋಂದಾಯಿತರು ಕೊಳ್ಳುವ ಲೋಹದ ಗುಜರಿಯಲ್ಲಿ, ಒಪ್ಪಂದದ ಮೌಲ್ಯ 2.5 ಲಕ್ಷ ರೂ. ಮೀರಿದರೆ ಕೊಳ್ಳುವವನು ಶೇ. 2ರಷ್ಟು ಮೂಲದಲ್ಲಿ ಕಡಿತ ಮಾಡಬೇಕು.

ಸಾಮಾನ್ಯ ಪದ್ಧತಿಯಲ್ಲಿರುವವರಿಗೆ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಿದ ತೆರಿಗೆ ಇನ್‌ಪುಟ್ ಜಮೆಯಾಗಿ ಮರಳುತ್ತದೆ. ಮೊದಲು ನಗದಿನಲ್ಲಿ ಕಟ್ಟಬೇಕೆಂಬುದಷ್ಟೇ ತೊಂದರೆ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಸಣ್ಣ ಉದ್ಯಮಿಗೆ ಆ ಜಮೆಯೂ ಇಲ್ಲ. ಕಟ್ಟಿದ ತೆರಿಗೆಯೆಲ್ಲ ಲೋಹದ ಬೆಲೆಗೆ ಸೇರಿತು. ಮೇಲಿನ ಮಾದರಿ ಲೆಕ್ಕದಲ್ಲಿ ಅವನು ಅದನ್ನೂ ಕೂಡಿಸಿಕೊಳ್ಳಬೇಕು. ಬಿಲ್ಲಿಲ್ಲದ ಗುಜರಿಯಿಂದ ಬಿಲ್ಲಿರುವ ಸಾಮಾನು ಮಾರಿದವನಿಗೆ, ಕಚ್ಚಾಮಾಲು ಎಲ್ಲಿಂದ ಬಂತು ಎಂಬ ಪ್ರಶ್ನೆ ಪರಿಶೀಲನೆಯ ವೇಳೆ ಬಂದೇ ಬರುತ್ತದೆ.

ತನ್ನದೇ ಚೂರು–ತುಂಡುಗಳಿರುವವನಿಗೆ ಇನ್ನೊಂದು ಸರಳ ದಾರಿಯಿದೆ. ಅವನ್ನು ಡೆಲಿವರಿ ಚಲನ್ ಮೇಲೆ ಫೌಂಡ್ರಿಗೆ ಜಾಬ್ ವರ್ಕ್‌ಗೆ ಕಳುಹಿಸಿ, ಎರಕದ ಸಾಮಾನನ್ನು ಒಂದು ವರ್ಷದೊಳಗೆ ಮರಳಿ ಪಡೆಯಬಹುದು. ಲೋಹದ ಒಡೆತನ ನಮ್ಮದೇ, ಕೊಡುವುದು ಕೂಲಿ ಮಾತ್ರ. ಕುಲುಮೆ ಕಟ್ಟುವ ಮೊದಲು ಈ ಕೂಲಿಯ ದರವನ್ನು ಕೇಳಿ ತಿಳಿಯದವರೇ ಹೆಚ್ಚು.

ಇಂಧನದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಮನೆಯ ಅಡುಗೆಗೆಂದು ಕೊಡುವ 14.2 ಕಿಲೋ ಸಿಲಿಂಡರನ್ನು ಉದ್ಯಮಕ್ಕೆ ಬಳಸುವುದು ಕಾನೂನಿಗೆ ವಿರುದ್ಧ; ವಾಣಿಜ್ಯ ಬಳಕೆಯ 19 ಕಿಲೋ ಸಿಲಿಂಡರನ್ನು ಸಂಸ್ಥೆಯ ಹೆಸರಿನಲ್ಲಿಯೇ ಕೊಳ್ಳಬೇಕು. ಆಗ ಖರ್ಚಿಗೆ ದಾಖಲೆಯೂ ಇರುತ್ತದೆ, ತೆರಿಗೆ ಜಮೆಯೂ ದೊರೆಯುತ್ತದೆ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಅದಕ್ಕೆ ಜಮೆಯಿಲ್ಲ. ಗ್ಯಾರೇಜಿನ ಹಳೆಯ ಎಂಜಿನ್ ಎಣ್ಣೆ ಪುಕ್ಕಟೆ ಸಿಗುತ್ತದೆಂದು ಉರಿಸುವವರಿದ್ದಾರೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಪರವಾನಗಿ ಇಲ್ಲದೆ ಉರಿಸುವಂತಿಲ್ಲ.

ಬೆಂಕಿ, ವಿಮೆ ಮತ್ತು ಹೊಣೆ

ಲೆಕ್ಕಪರಿಶೋಧಕನು ಸುರಕ್ಷತೆಯ ಬಗ್ಗೆ ಬರೆಯುವುದೇಕೆ ಎಂದು ಕೇಳಬಹುದು. ಒಂದೇ ಅಪಘಾತ ಹತ್ತು ವರ್ಷಗಳ ಲಾಭವನ್ನು ಅಳಿಸಿಹಾಕುತ್ತದೆ ಎಂಬುದೇ ಉತ್ತರ. ಕುಲುಮೆಯ ದೊಡ್ಡ ಶತ್ರು ನೀರು. ಒದ್ದೆಯಾದ ಗುಜರಿ ತುಂಡು, ತೇವವಿರುವ ಅಚ್ಚು, ಕಾಯಿಸದ ಇಕ್ಕಳ, ಇವು ಕರಗಿದ ಲೋಹಕ್ಕೆ ತಾಗಿದೊಡನೆ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಲೋಹವನ್ನು ಸುತ್ತಲೂ ಎರಚುತ್ತದೆ. ಕಾಂಕ್ರೀಟ್ ನೆಲದ ಮೇಲೆ ಲೋಹ ಚೆಲ್ಲಿದರೂ ನೆಲವೇ ಸಿಡಿಯುತ್ತದೆ. ಆದುದರಿಂದ ಎರಕ ಹೊಯ್ಯುವ ಜಾಗದಲ್ಲಿ ಒಣ ಮರಳು ಹಾಸಿರಬೇಕು. ಎರಕದ ಬೆಂಕಿಗೆ ನೀರು ಹಾಕಬಾರದು. ಎರಡೂ ತುದಿ ಮುಚ್ಚಿದ ಕೊಳವೆ, ಶಾಕ್ ಅಬ್ಸಾರ್ಬರ್ ಮುಂತಾದವನ್ನು ಕತ್ತರಿಸದೆ ಮೂಸೆಗೆ ಹಾಕಬಾರದು. ಸತು ಲೇಪಿಸಿದ ಸಾಮಾನಿನ ಹೊಗೆ ಜ್ವರ ತರಿಸುತ್ತದೆ. ಹಳೆಯ ಬ್ಯಾಟರಿಯ ಸೀಸವನ್ನು ಮನೆಯ ಬಳಿ ಕರಗಿಸುವುದಂತೂ ಮಕ್ಕಳಿಗೆ ವಿಷವುಣಿಸಿದಂತೆ. ಅದನ್ನು ಯಾವ ಲೆಕ್ಕದಿಂದಲೂ ಸಮರ್ಥಿಸಲಾಗದು. ಮುಖದ ಕವಚ, ಚರ್ಮದ ಏಪ್ರನ್, ಹತ್ತಿ ಬಟ್ಟೆ, ಜೊತೆಗೆ ಇನ್ನೊಬ್ಬ ವ್ಯಕ್ತಿ, ಇಷ್ಟಿಲ್ಲದೆ ಕುಲುಮೆ ಹಚ್ಚಬಾರದು. ಕಾರ್ಖಾನೆ ಕಾನೂನು ಅನ್ವಯಿಸಲು ಇಷ್ಟು ಮಂದಿ ಕೆಲಸಗಾರರಿರಬೇಕೆಂಬ ಲೆಕ್ಕವಿದೆ. ಕರಗಿದ ಲೋಹಕ್ಕೆ ಆ ಲೆಕ್ಕವಿಲ್ಲ.

ವಿಮೆಯ ವಿಚಾರ ಇನ್ನೂ ಮುಖ್ಯ. ಕೇವಲ ಲೇತ್ ಕೆಲಸಕ್ಕೆಂದು ಪಡೆದ ಬೆಂಕಿ ವಿಮೆಯಿರುವ ಕಟ್ಟಡದಲ್ಲಿ, ವಿಮಾ ಕಂಪನಿಗೆ ತಿಳಿಸದೆ ಕುಲುಮೆ ಹಚ್ಚಿದರೆ ಅಪಾಯದ ಸ್ವರೂಪವೇ ಬದಲಾದಂತಾಗುತ್ತದೆ. ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅದೇ ಕಾರಣವಾಗಬಹುದು. 2021ರ ಏಪ್ರಿಲ್ 1ರಿಂದ, ಒಂದೆಡೆ 5 ಕೋಟಿ ರೂ.ವರೆಗಿನ ಆಸ್ತಿ ಇರುವ ಉದ್ಯಮಗಳಿಗಾಗಿ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಜಾರಿಯಲ್ಲಿದೆ. ಯಾವ ಪಾಲಿಸಿಯೇ ಆಗಲಿ, ಕುಲುಮೆ ಇದೆಯೆಂದು ಲಿಖಿತವಾಗಿ ತಿಳಿಸಿ, ಒಪ್ಪಿಗೆಯ ಪತ್ರ ಪಡೆದಿಟ್ಟುಕೊಳ್ಳಿ. ವಾಸದ ಮನೆಗೆ ಪಡೆದ ಪಾಲಿಸಿ ಹಿತ್ತಲಿನ ವ್ಯಾಪಾರಿ ಕುಲುಮೆಗೂ ಸಲ್ಲುತ್ತದೆಂದು ಭಾವಿಸಬೇಡಿ. ಸ್ಥಳೀಯ ಸಂಸ್ಥೆಯ ಪರವಾನಗಿ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯ ವಿಷಯವನ್ನೂ ಕುಲುಮೆ ಹಚ್ಚುವ ಮುನ್ನವೇ ವಿಚಾರಿಸಿಕೊಳ್ಳುವುದು ಕ್ಷೇಮ. ನನ್ನ ಸ್ಪಷ್ಟ ಅಭಿಪ್ರಾಯವೆಂದರೆ, ಹವ್ಯಾಸಕ್ಕೆ ಹಿತ್ತಲು ಸಾಕು. ಮಾರಾಟಕ್ಕೆ ತಯಾರಿಸುವವನ ಕುಲುಮೆ ಕೈಗಾರಿಕಾ ಶೆಡ್ಡಿನಲ್ಲಿಯೇ ಇರಬೇಕು.

ನಮ್ಮ ಸಂಸ್ಥೆ ಏನು ಮಾಡಬಹುದು?

ಮೇಲಿನ ಮಾದರಿ ಲೆಕ್ಕ ಹೇಳಿದ ದೊಡ್ಡ ಮಾತು, ಕುಲುಮೆ ಸತತವಾಗಿ ಉರಿದಾಗ ಮಾತ್ರ ಅಗ್ಗ ಎಂಬುದು. ಒಬ್ಬೊಬ್ಬ ಸದಸ್ಯನಿಗೂ ವಾರಕ್ಕೆ ಒಂದೆರಡು ಮೂಸೆಯಷ್ಟೇ ಕೆಲಸವಿರುವಾಗ, ಹತ್ತು ಜನ ಹತ್ತು ಕುಲುಮೆ ಕಟ್ಟುವುದು ಹತ್ತು ಪಟ್ಟು ಇಟ್ಟಿಗೆ ಕಾಯಿಸುವ ಕೆಲಸ. ಅದರ ಬದಲು ಕೈಗಾರಿಕಾ ವಸಾಹತಿನಲ್ಲಿ ಒಂದು ಸಾಮೂಹಿಕ ಕುಲುಮೆಯ ಶೆಡ್ಡನ್ನು ಸ್ಥಾಪಿಸಿ, ವಾರದ ಗೊತ್ತಾದ ದಿನಗಳಲ್ಲಿ ಸದಸ್ಯರು ತಮ್ಮ ಅಚ್ಚು, ತಮ್ಮ ಲೋಹ ತಂದು ಎರಕ ಹೊಯ್ದುಕೊಳ್ಳುವ ವ್ಯವಸ್ಥೆ ಮಾಡಬಾರದೇಕೆ? ಅಲ್ಲಿಯೇ ಒಬ್ಬ ಅನುಭವಿ ಎರಕದ ಮೇಸ್ತ್ರಿ, ಸರಿಯಾದ ತಕ್ಕಡಿ, ಶಾಖ ಅಳೆಯುವ ಪೈರೋಮೀಟರ್, ಲೋಹದ ಬೆರಕೆ ಪರೀಕ್ಷಿಸುವ ಪ್ರಯೋಗಾಲಯದೊಂದಿಗೆ ಒಪ್ಪಂದ ಇರಲಿ. ಕಿರು ಮತ್ತು ಸಣ್ಣ ಉದ್ಯಮಗಳ ಕ್ಲಸ್ಟರ್ ಅಭಿವೃದ್ಧಿಗೆಂದು ಕೇಂದ್ರ ಸರ್ಕಾರ ರೂಪಿಸಿರುವ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ನೀಡುವ ಅವಕಾಶವಿದೆ. ಯೋಜನಾ ವರದಿಯನ್ನು ಸಿದ್ಧಪಡಿಸುವ ಕೆಲಸದಲ್ಲಿ ನಮ್ಮ ವೃತ್ತಿಯವರು ನೆರವಾಗಲು ಸಿದ್ಧರಿದ್ದಾರೆ.

ಅದು ಆಗುವವರೆಗೆ ಪ್ರತಿ ಸದಸ್ಯರೂ ಮಾಡಬಹುದಾದ ಕೆಲಸವೊಂದಿದೆ. ನೂರು ಪುಟದ ಒಂದು ನೋಟ್ ಪುಸ್ತಕ ಕೊಂಡು ಕುಲುಮೆಯ ಪಕ್ಕದಲ್ಲಿಡಿ. ಪ್ರತಿ ಸಲ ಕರಗಿಸುವಾಗಲೂ ಏಳು ಅಂಶಗಳನ್ನು ಬರೆಯಿರಿ: ದಿನಾಂಕ, ಹಾಕಿದ ಲೋಹದ ಬಗೆ ಮತ್ತು ತೂಕ, ಸಿಲಿಂಡರಿನ ಮೊದಲ ಮತ್ತು ಕೊನೆಯ ತೂಕ, ಮೂಸೆ ಎಷ್ಟನೆಯ ಸಲ ಬಳಕೆಯಾಯಿತು, ಎಷ್ಟು ಜನ, ಎಷ್ಟು ಗಂಟೆ, ಬಂದ ಒಳ್ಳೆಯ ಸಾಮಾನಿನ ತೂಕ, ಮರಳಿ ಮೂಸೆಗೆ ಹೋಗುವ ಲೋಹ ಮತ್ತು ಕಿಟ್ಟದ ತೂಕ. ಇದಕ್ಕೆ ಗಣಕಯಂತ್ರ ಬೇಡ, ಬಿ.ಕಾಂ. ಪದವಿಯೂ ಬೇಡ. ಇಪ್ಪತ್ತು ಸಲದ ದಾಖಲೆ ಸಿಕ್ಕಿದರೆ, ಕುಲುಮೆಯನ್ನು ಉಳಿಸಿಕೊಳ್ಳಬೇಕೋ, ಬದಲಾಯಿಸಬೇಕೋ, ಅಥವಾ ಮುಚ್ಚಿ ಗುಜರಿಯನ್ನು ಜಾಬ್ ವರ್ಕ್‌ಗೆ ಕಳುಹಿಸಬೇಕೋ ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಸ್ವಂತ ಕೈಯಿಂದ ಕುಲುಮೆ ಕಟ್ಟಿ, ಲೋಹ ಕರಗಿಸಿ, ಬೇಕಾದ ಆಕಾರಕ್ಕೆ ತರುವ ಸಾಹಸ ನಮ್ಮ ಸಣ್ಣ ಉದ್ಯಮಿಗಳಲ್ಲಿ ಇನ್ನೂ ಉಳಿದಿರುವುದು ಸಂತೋಷದ ಸಂಗತಿ. ಅದನ್ನು ಕುಗ್ಗಿಸುವುದು ಈ ಲೇಖನದ ಆಶಯವಲ್ಲ. ದೊಡ್ಡ ಕಾರ್ಖಾನೆಯಲ್ಲಿ ಲೆಕ್ಕ ತಪ್ಪಿದರೆ ಅದನ್ನು ತಾಳಿಕೊಳ್ಳುವ ಬಂಡವಾಳವಿರುತ್ತದೆ. ಸಣ್ಣ ಉದ್ಯಮಿಗೆ ಆ ಅನುಕೂಲವಿಲ್ಲ. ಆದುದರಿಂದ ಕುಲುಮೆ ಎಷ್ಟು ಸಣ್ಣದೋ ಅದರ ಲೆಕ್ಕ ಅಷ್ಟೇ ಬಿಗಿಯಾಗಿರಬೇಕು. ಸಾಮೂಹಿಕ ಕುಲುಮೆಯ ಪ್ರಸ್ತಾಪವನ್ನು ಸಂಸ್ಥೆಯ ಆಡಳಿತ ಮಂಡಳಿಯು ಮುಂದಿನ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ. ಸದಸ್ಯರು ತಮ್ಮ ಕುಲುಮೆಯ ಪುಸ್ತಕದ ಅಂಕಿ–ಅಂಶಗಳೊಂದಿಗೆ ಆ ಸಭೆಗೆ ಬಂದರೆ ಚರ್ಚೆಗೆ ನಿಜವಾದ ಆಧಾರ ದೊರೆಯುತ್ತದೆ.